ದುರ್ಬಲ ಆಮ್ಲಕ್ಕೂ ಅಷ್ಟೇ ಸೋಡಿಯಂ ಹೈಡ್ರಾಕ್ಸೈಡ್ ಏಕೆ ಬೇಕು?

ಪ್ರಶ್ನೆ: 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1. ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ ಪಿಎಚ್ ಸುಮಾರು 2.9. ಅಂದರೆ ಎರಡನೆಯದರಲ್ಲಿ ಹೈಡ್ರೋಜನ್ ಅಯಾನುಗಳು ಸುಮಾರು 75 ಪಟ್ಟು ಕಡಿಮೆ. ಆದರೆ ಎರಡರಿಂದಲೂ 25 ಮಿ.ಲೀ. ತೆಗೆದು ಟೈಟ್ರೇಶನ್ (ಆಮ್ಲ ಮುಗಿಯುವವರೆಗೆ ಪ್ರತ್ಯಾಮ್ಲವನ್ನು ಅಳೆದು ಸೇರಿಸುವುದು) ಮಾಡಿದಾಗ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಎರಡಕ್ಕೂ 25 ಮಿ.ಲೀ.ಯೇ ಬೇಕಾಯಿತು. ದುರ್ಬಲ ಆಮ್ಲಕ್ಕೆ ತೀರಾ ಕಡಿಮೆ ಸಾಕಾಗಬೇಕಿತ್ತಲ್ಲವೇ? ಹಾಗಾದರೆ ಅದು ದುರ್ಬಲ ಎನ್ನುವುದು ಯಾವ ಅರ್ಥದಲ್ಲಿ? ಯಾವುದು ಪ್ರಬಲ, ಯಾವುದು ದುರ್ಬಲ ಎಂದು ಬಾಯಿಪಾಠ ಮಾಡದೆ ಗುರುತಿಸಲು ದಾರಿ ಇದೆಯೇ?

ಉತ್ತರ: ನಿಮ್ಮ ಎರಡೂ ಅಳತೆಗಳು ಸರಿಯಾಗಿವೆ. ಅವು ಒಂದೇ ವಸ್ತುವನ್ನು ಅಳೆಯುತ್ತಿವೆ ಎಂದುಕೊಂಡಿದ್ದರಿಂದ ಗೊಂದಲವಾಗಿದೆ. ಪಿಎಚ್ ಮೀಟರ್ ಎಣಿಸುವುದು ಈ ಕ್ಷಣದಲ್ಲಿ ಅಣುವಿನಿಂದ ಬಿಡಿಸಿಕೊಂಡು ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳನ್ನು ಮಾತ್ರ. ಬ್ಯುರೆಟ್ (ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡುವ ಅಳತೆಯ ಕೊಳವೆ) ಎಣಿಸುವುದು ಬಿಡಿಸಿಕೊಂಡವುಗಳನ್ನೂ, ಇನ್ನೂ ಅಣುವಿಗೆ ಅಂಟಿಕೊಂಡೇ ಇದ್ದು ಕೇಳಿದರೆ ಬಿಟ್ಟುಕೊಡಬಲ್ಲವುಗಳನ್ನೂ ಸೇರಿಸಿ. ಆಮ್ಲದ ಪ್ರಾಬಲ್ಯ ಎನ್ನುವುದು ಈ ಎರಡರ ನಡುವಿನ ಅನುಪಾತ. ಪ್ರೌಢಶಾಲೆಯ ಆಮ್ಲ ಪಾಠದಲ್ಲಿ ಬರುವ ಗೊಂದಲಗಳಲ್ಲಿ ಹೆಚ್ಚಿನವು, ಯಾವ ಪ್ರಯೋಗ ಏನನ್ನು ಎಣಿಸುತ್ತಿದೆ ಎಂದು ಕೇಳಿಕೊಂಡ ಕೂಡಲೇ ಬಿಡಿಸಿಕೊಳ್ಳುತ್ತವೆ.

ಅಂಕಿಗಳಲ್ಲೇ ನೋಡೋಣ. ಹೈಡ್ರೋಜನ್ ಕ್ಲೋರೈಡಿನ 1000 ಅಣುಗಳನ್ನು ನೀರಿಗೆ ಹಾಕಿದರೆ, 0.1 ಮೋಲಾರ್ ಸಾರತೆಯಲ್ಲಿ ಆ 1000ವೂ ಒಡೆದು ಅಯಾನುಗಳಾಗುತ್ತವೆ. ಅದೇ ಸಾರತೆಯಲ್ಲಿ ಅಸಿಟಿಕ್ ಆಮ್ಲದ 1000 ಅಣುಗಳಲ್ಲಿ ಒಡೆದ ಸ್ಥಿತಿಯಲ್ಲಿರುವುದು 13 ಮಾತ್ರ. ಉಳಿದ 987 ಇಡೀ ಅಣುಗಳಾಗಿಯೇ ಇವೆ. ಆದರೆ ಈ 13 ಎಂಬುದು ಖಾಯಂ ಸದಸ್ಯರ ಪಟ್ಟಿಯಲ್ಲ. ಪ್ರತಿ ಕ್ಷಣವೂ ಕೆಲವು ಅಣುಗಳು ಒಡೆಯುತ್ತವೆ, ಅಷ್ಟೇ ಸಂಖ್ಯೆಯ ಅಯಾನುಗಳು ಮತ್ತೆ ಕೂಡಿಕೊಂಡು ಅಣುಗಳಾಗುತ್ತವೆ. ಎರಡೂ ವೇಗ ಸಮವಾಗಿರುವುದರಿಂದ 13 ಎಂಬ ಲೆಕ್ಕ ನಿಂತಂತೆ ಕಾಣುತ್ತದೆ.

ಈಗ ಸೋಡಿಯಂ ಹೈಡ್ರಾಕ್ಸೈಡಿನ ಹನಿ ಬೀಳುತ್ತದೆ. ಹೈಡ್ರಾಕ್ಸೈಡ್ ಅಯಾನುಗಳು ಕೈಗೆ ಸಿಕ್ಕ ಹೈಡ್ರೋಜನ್ ಅಯಾನುಗಳನ್ನು ಹಿಡಿದು ನೀರು ಮಾಡಿಬಿಡುತ್ತವೆ. ಹಿಂದಕ್ಕೆ ಕೂಡಿಕೊಳ್ಳಲು ಬೇಕಾದ ಒಂದು ಕಡೆಯವರೇ ಇಲ್ಲವಾದಾಗ ಮರುಕೂಡಿಕೆ ನಿಧಾನವಾಗುತ್ತದೆ, ಒಡೆಯುವುದು ಮುಂದುವರಿಯುತ್ತದೆ. 987ರ ಗುಂಪಿನಿಂದ ಹೊಸದಾಗಿ ಅಯಾನುಗಳು ಹೊರಬರುತ್ತವೆ. ಅವನ್ನೂ ಮುಂದಿನ ಹನಿ ತೆಗೆದುಕೊಳ್ಳುತ್ತದೆ. ಹೈಡ್ರಾಕ್ಸೈಡ್ ಬರುತ್ತಿರುವವರೆಗೆ ಇದು ನಿಲ್ಲುವುದಿಲ್ಲ. 1000 ಅಣುಗಳೂ ತಮ್ಮ ಹೈಡ್ರೋಜನ್ ಕೊಟ್ಟು ಮುಗಿಸಿದ ಮೇಲೆಯೇ ಸೂಚಕದ (ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ವಸ್ತುವಿನ) ಬಣ್ಣ ಬದಲಾಗುವುದು. 25 ಮಿ.ಲೀ.ಗೆ 25 ಮಿ.ಲೀ. ಬೇಕಾದದ್ದು ಇದಕ್ಕೇ.

ಎರಡು ಟೈಟ್ರೇಶನ್‌ಗಳನ್ನೂ ಪಿಎಚ್ ಮೀಟರ್ ಇಟ್ಟುಕೊಂಡು ಮಾಡಿದರೆ ದಾರಿ ಎಷ್ಟು ಬೇರೆ ಎಂದು ತಿಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ 1.00ರಲ್ಲಿ ಆರಂಭವಾಗುತ್ತದೆ, 12.5 ಮಿ.ಲೀ. ಹಾಕಿದಾಗ 1.48, 20 ಮಿ.ಲೀ.ಗೆ 1.95, 24 ಮಿ.ಲೀ.ಗೆ 2.69, 24.9ಕ್ಕೆ 3.70, 25ಕ್ಕೆ 7.00. ಅಸಿಟಿಕ್ ಆಮ್ಲ 2.87ರಲ್ಲಿ ಆರಂಭವಾಗಿ 5 ಮಿ.ಲೀ.ಗೇ 4.14ಕ್ಕೆ ಏರುತ್ತದೆ. 12.5ರಲ್ಲಿ 4.74, 20ರಲ್ಲಿ 5.35, 24ರಲ್ಲಿ 6.12, 24.9ರಲ್ಲಿ 7.14, 25ರಲ್ಲಿ 8.72. ಅಲ್ಲಿಂದ ಮುಂದೆ ಎರಡೂ ದಾರಿ ಒಂದೇ: 26 ಮಿ.ಲೀ.ಯಲ್ಲಿ ಎರಡರ ಪಿಎಚ್ ಕೂಡ 11.29, ಏಕೆಂದರೆ ಆಗ ಅಲ್ಲಿ ಮಾತನಾಡುವುದು ಹೆಚ್ಚುವರಿ ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ. (0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನಿಮ್ಮ ಮೀಟರ್ 1.1 ತೋರಿಸಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಇಷ್ಟು ಸಾರತೆಯಲ್ಲಿ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಅಷ್ಟು ವ್ಯತ್ಯಾಸ ಸಹಜ.)

ಈ ಅಂಕಿಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಅಸಿಟಿಕ್ ಆಮ್ಲ ಪೂರ್ತಿ ಮುಗಿದ ಬಿಂದುವಿನಲ್ಲಿ ದ್ರಾವಣ ತಟಸ್ಥವಲ್ಲ, 8.72. ಅಲ್ಲಿರುವುದು ಸೋಡಿಯಂ ಅಸಿಟೇಟ್. ಅಸಿಟೇಟ್ ಅಯಾನಿಗೆ ಹೈಡ್ರೋಜನ್ ಅಯಾನಿನ ಮೇಲೆ ಹಿಡಿತ ಇರುವುದರಿಂದಲೇ ಅಸಿಟಿಕ್ ಆಮ್ಲ ದುರ್ಬಲವಾಗಿತ್ತು. ಆ ಹಿಡಿತ ಈಗ ನೀರಿನ ಅಣುವಿನಿಂದ ಸ್ವಲ್ಪ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ. ಕ್ಲೋರೈಡ್ ಅಯಾನಿಗೆ ಆ ಹಿಡಿತವೇ ಇಲ್ಲ, ಹಾಗಾಗಿ ಉಪ್ಪು ನೀರು 7ರಲ್ಲಿ ನಿಲ್ಲುತ್ತದೆ. "ತಟಸ್ಥೀಕರಣವಾದರೆ ಪಿಎಚ್ 7" ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ಇದನ್ನು ನೆನಪಿಡಬೇಕು. ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲದ ಜೋಡಿಗೆ ಮಾತ್ರ ಅದನ್ನು ಖಚಿತವಾಗಿ ಹೇಳಬಹುದು.

ಎರಡನೆಯದು, ಸೂಚಕದ ಆಯ್ಕೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 24.9ರಿಂದ 25.1 ಮಿ.ಲೀ.ಗೆ ಹೋಗುವಷ್ಟರಲ್ಲಿ ಪಿಎಚ್ 3.7ರಿಂದ 10.3ಕ್ಕೆ ಜಿಗಿಯುತ್ತದೆ. ಆ ಜಿಗಿತದೊಳಗೆ ಮೀಥೈಲ್ ಆರೆಂಜ್ (3.1ರಿಂದ 4.4) ಬಹುಪಾಲು ಬರುತ್ತದೆ, ಫಿನಾಲ್ಫ್ತಲೀನ್ (8.3ರಿಂದ 10) ಪೂರ್ತಿಯಾಗಿ ಬರುತ್ತದೆ, ಹಾಗಾಗಿ ಯಾವುದನ್ನು ಹಾಕಿದರೂ ನಡೆಯುತ್ತದೆ. ಅಸಿಟಿಕ್ ಆಮ್ಲದಲ್ಲಿ ಅದೇ 0.2 ಮಿ.ಲೀ. ಅಂತರದಲ್ಲಿ ಜಿಗಿತ 7.14ರಿಂದ 10.3ಕ್ಕೆ ಮಾತ್ರ. ಅಲ್ಲಿ ಮೀಥೈಲ್ ಆರೆಂಜ್ ಹಾಕಿದರೆ ಮೊದಲ ಮಿಲಿಲೀಟರಿನಲ್ಲೇ ಕೆಂಪು ಮಾಸತೊಡಗಿ, ಸುಮಾರು 8 ಮಿ.ಲೀ.ಗೆಲ್ಲ ಪೂರ್ತಿ ಹಳದಿಯಾಗಿರುತ್ತದೆ. ಆಮ್ಲದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಇನ್ನೂ ಫ್ಲಾಸ್ಕಿನಲ್ಲೇ ಇರುತ್ತದೆ. ದುರ್ಬಲ ಆಮ್ಲಕ್ಕೆ ಕಡಿಮೆ ಪ್ರತ್ಯಾಮ್ಲ ಸಾಕು ಎಂಬ ತಪ್ಪು ತೀರ್ಮಾನಕ್ಕೆ ಎಷ್ಟೋ ಸಲ ಈ ಸೂಚಕವೇ ಕಾರಣ. ಓದು 7 ಅಥವಾ 8 ಮಿ.ಲೀ. ಬಂದು, ಬಣ್ಣವೂ ಎಲ್ಲಿ ಬದಲಾಯಿತು ಎಂದು ಖಚಿತವಾಗಿ ಹೇಳಲಾಗದಿದ್ದರೆ ಮೊದಲು ಸೂಚಕದ ಬಾಟಲಿಯ ಚೀಟಿ ಓದಿ.

ಫಿನಾಲ್ಫ್ತಲೀನ್ ಬಳಸುವಾಗಲೂ ಎಚ್ಚರ ಬೇಕು. ತಿಳಿಗುಲಾಬಿ ಬಣ್ಣ ಅಲುಗಾಡಿಸಿದ ಮೇಲೂ ಅರ್ಧ ನಿಮಿಷ ನಿಂತರೆ ಅದೇ ಅಂತ್ಯಬಿಂದು. ಆಮೇಲೆ ಅದು ನಿಧಾನವಾಗಿ ಮಾಯವಾದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿದ್ದರಿಂದ ಎಂದು ತಿಳಿಯಿರಿ, ಇನ್ನೊಂದು ಹನಿ ಹಾಕುತ್ತಾ ಹೋಗಬೇಡಿ. ಗಾಢ ಗುಲಾಬಿ ಬಂತೆಂದರೆ ಆಗಲೇ ದಾಟಿ ಹೋಗಿದ್ದೀರಿ.

ಇನ್ನು ಸಾರತೆಯ ವಿಷಯ. ಪ್ರಬಲ ಎಂದರೆ ಸಾರೀಕೃತ, ದುರ್ಬಲ ಎಂದರೆ ಸಾರರಿಕ್ತ ಎಂದು ಸೇರಿಸಿಬಿಡುವುದು ಈ ಪಾಠದ ದೊಡ್ಡ ಗುಂಡಿ. ಸಾರತೆ ಹೇಳುವುದು ಒಂದು ಲೀಟರಿಗೆ ಎಷ್ಟು ಆಮ್ಲ ಹಾಕಿದ್ದೀರಿ ಎಂದು. ಅದು ನಿಮ್ಮ ಕೈಯಲ್ಲಿದೆ. ಪ್ರಾಬಲ್ಯ ಹೇಳುವುದು ಹಾಕಿದ್ದರಲ್ಲಿ ಎಷ್ಟು ಪಾಲು ಒಡೆಯಿತು ಎಂದು. ಅದು ಅಣುವಿನ ಸ್ವಭಾವ. ನೀರಿಲ್ಲದ ಅಸಿಟಿಕ್ ಆಮ್ಲದ ಸಾರತೆ ಸುಮಾರು 17.4 ಮೋಲಾರ್, ಅಂಗಡಿಯಿಂದ ಬರುವ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ (ಸುಮಾರು 12 ಮೋಲಾರ್) ಹೆಚ್ಚು. ಆದರೂ ಅದು ದುರ್ಬಲ ಆಮ್ಲವೇ. 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ತೀರಾ ತೆಳುವಾದರೂ ಪ್ರಬಲ ಆಮ್ಲವೇ. ಅದರ ಪಿಎಚ್ 3.0, 1 ಮೋಲಾರ್ ಅಸಿಟಿಕ್ ಆಮ್ಲದ ಪಿಎಚ್ 2.37. ದುರ್ಬಲ ಆಮ್ಲದ ದ್ರಾವಣ ಪ್ರಬಲ ಆಮ್ಲದ ದ್ರಾವಣಕ್ಕಿಂತ ಹೆಚ್ಚು ಆಮ್ಲೀಯವಾಗಿರುವ ಉದಾಹರಣೆ ಇದು. ಹೀಗಾಗಿ ಪಿಎಚ್ ಒಂದನ್ನೇ ನೋಡಿ ಆಮ್ಲ ಪ್ರಬಲವೋ ದುರ್ಬಲವೋ ಎಂದು ಹೇಳಲು ಬರುವುದಿಲ್ಲ. ಸಾರತೆಯೂ ಗೊತ್ತಿರಬೇಕು.

ನೀರು ಬೆರೆಸಿದಾಗ ಏನಾಗುತ್ತದೆ ಎನ್ನುವುದು ಇನ್ನೂ ಸ್ವಾರಸ್ಯಕರ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಪಿಎಚ್ ಸರಿಯಾಗಿ 1 ಏರುತ್ತದೆ. ಅಸಿಟಿಕ್ ಆಮ್ಲವನ್ನು 0.1ರಿಂದ 0.01 ಮೋಲಾರ್‌ಗೆ ತಂದರೆ 2.87ರಿಂದ 3.38ಕ್ಕೆ, ಅಂದರೆ ಅರ್ಧ ಮಾತ್ರ. ಏಕೆಂದರೆ ಅಯಾನುಗಳು ದೂರದೂರ ಆದಷ್ಟೂ ಮತ್ತೆ ಸಂಧಿಸುವ ಅವಕಾಶ ಕಡಿಮೆಯಾಗಿ ಒಡೆದ ಪಾಲು ಹೆಚ್ಚುತ್ತದೆ: 0.1 ಮೋಲಾರ್‌ನಲ್ಲಿ ಶೇ. 1.3, 0.01ರಲ್ಲಿ ಶೇ. 4.2, 0.001ರಲ್ಲಿ ಶೇ. 12.5. ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1888ರಲ್ಲಿ ಸೂತ್ರಕ್ಕಿಳಿಸಿದ್ದು ಇದನ್ನೇ. ಹಾಗೆಂದು ನೀರು ಬೆರೆಸಿದರೆ ಆಮ್ಲ ಪ್ರಬಲವಾಗುತ್ತದೆ ಎಂದು ಬರೆಯಬಾರದು. ಪಾಲು ಹೆಚ್ಚಿದರೂ ಲೀಟರಿಗೆ ಸಿಗುವ ಹೈಡ್ರೋಜನ್ ಅಯಾನುಗಳ ಒಟ್ಟು ಸಂಖ್ಯೆ ಕಡಿಮೆಯೇ ಆಗುತ್ತದೆ. ಮತ್ತು ಆಮ್ಲದ ಸ್ಥಿರಾಂಕ, ಅಂದರೆ ಒಡೆದ ಎರಡು ಅಯಾನುಗಳ ಸಾರತೆಯ ಗುಣಲಬ್ಧವನ್ನು ಒಡೆಯದ ಅಣುಗಳ ಸಾರತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ, ಬದಲಾಗುವುದಿಲ್ಲ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 1.8 × 10⁻⁵. ಪ್ರಾಬಲ್ಯವನ್ನು ಹೋಲಿಸಬೇಕಾದದ್ದು ಈ ಸಂಖ್ಯೆಯಿಂದಲೇ.

ಈಗ ಪ್ರಯೋಗಶಾಲೆಯಲ್ಲಿ ತೋರಿಸುವ ಪ್ರಯೋಗಗಳನ್ನು ಇದೇ ಕಣ್ಣಿನಿಂದ ನೋಡಿ.

ಮೆಗ್ನೀಸಿಯಮ್ ಪಟ್ಟಿಯ ಪ್ರಯೋಗ ವೇಗವನ್ನು ತೋರಿಸುತ್ತದೆ. 0.05 ಗ್ರಾಂ ಪಟ್ಟಿಯ ಎರಡು ತುಂಡುಗಳನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಒಂದನ್ನು 10 ಮಿ.ಲೀ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ, ಇನ್ನೊಂದನ್ನು 10 ಮಿ.ಲೀ. 1 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಹಾಕಿ. ಮೊದಲನೆಯದರಲ್ಲಿ ಗುಳ್ಳೆಗಳು ಭೋರ್ಗರೆದು ಪಟ್ಟಿ ಬೇಗ ಕರಗಿಹೋಗುತ್ತದೆ. ಎರಡನೆಯದರಲ್ಲಿ ಸಣ್ಣ ಗುಳ್ಳೆಗಳು ತಾಳ್ಮೆಯಿಂದ ಬರುತ್ತಿರುತ್ತವೆ. ಕೊನೆಗೆ ಸಿಗುವ ಹೈಡ್ರೋಜನ್ ಎರಡರಲ್ಲೂ ಸುಮಾರು 50 ಮಿ.ಲೀ. ಇಷ್ಟು ಮೆಗ್ನೀಸಿಯಮ್‌ಗೆ ಬೇಕಾದದ್ದು ಸುಮಾರು 4.1 ಮಿಲಿಮೋಲ್ ಆಮ್ಲ, ಎರಡು ಪ್ರನಾಳದಲ್ಲೂ 10 ಮಿಲಿಮೋಲ್ ಇದೆ. ವೇಗ ತೀರ್ಮಾನವಾಗುವುದು ಆ ಕ್ಷಣದ ಹೈಡ್ರೋಜನ್ ಅಯಾನುಗಳಿಂದ, ಒಟ್ಟು ಅನಿಲ ತೀರ್ಮಾನವಾಗುವುದು ಲೋಹದ ಮೊತ್ತದಿಂದ. ಪಟ್ಟಿಯನ್ನು ಉಜ್ಜದೆ ಹಾಕಿದರೆ ಮೇಲಿನ ಆಕ್ಸೈಡ್ ಪದರ ಕರಗುವವರೆಗೆ ಪ್ರಬಲ ಆಮ್ಲವೂ ಸುಮ್ಮನಿದ್ದಂತೆ ಕಾಣುತ್ತದೆ. ವಿನೆಗರ್ ಬಳಸುವವರು ಶೇ. 5ರ ವಿನೆಗರ್ ಸುಮಾರು 0.83 ಮೋಲಾರ್ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಷ್ಟಕ್ಕೇ ತರಬೇಕು. ಸಾರತೆ ಬೇರೆಬೇರೆ ಇಟ್ಟುಕೊಂಡು ಮಾಡಿದ ಹೋಲಿಕೆ ಏನನ್ನೂ ಸಾಬೀತು ಮಾಡುವುದಿಲ್ಲ.

ಅಮೃತಶಿಲೆಯ ಚೂರುಗಳಿಂದಲೂ ಇದನ್ನು ಮಾಡಬಹುದು, ಆದರೆ ಸಲ್ಫ್ಯೂರಿಕ್ ಆಮ್ಲದೊಂದಿಗೆ ಬೇಡ. ಮೊದಲು ಗುಳ್ಳೆ ಬಂದು ಆಮೇಲೆ ನಿಂತುಬಿಡುತ್ತದೆ. ಸರಿಯಾಗಿ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಕಲ್ಲಿನ ಮೇಲೆ ಹೊದಿಕೆಯಾಗುವುದೇ ಕಾರಣ. ಅದನ್ನು ನೋಡಿ ಸಲ್ಫ್ಯೂರಿಕ್ ಆಮ್ಲ ದುರ್ಬಲ ಎಂದು ಬರೆದುಕೊಂಡರೆ ಇಡೀ ಪಾಠ ಹಾಳು.

ಪ್ರಾಬಲ್ಯವನ್ನು ನೇರವಾಗಿ ಕಣ್ಣಿಗೆ ತೋರಿಸುವುದರಲ್ಲಿ ವಿದ್ಯುತ್ ವಾಹಕತೆಯ ಪ್ರಯೋಗಕ್ಕೆ ಸಾಟಿ ಇಲ್ಲ. ವಿದ್ಯುತ್ತನ್ನು ಒಯ್ಯುವುದು ಅಯಾನುಗಳೇ ಹೊರತು ಇಡೀ ಅಣುಗಳಲ್ಲ. ಒಂದೇ ಬೀಕರ್, ಒಂದೇ ಅಂತರದಲ್ಲಿಟ್ಟ ಎರಡು ಕಾರ್ಬನ್ ಕಡ್ಡಿ, ಅಷ್ಟೇ ಆಳ, ಅಷ್ಟೇ ಬ್ಯಾಟರಿ ಇಟ್ಟುಕೊಂಡು 0.1 ಮೋಲಾರ್‌ನ ಎರಡು ಆಮ್ಲಗಳನ್ನು ಪರೀಕ್ಷಿಸಿದರೆ, ಹೈಡ್ರೋಕ್ಲೋರಿಕ್ ಆಮ್ಲದ ವಾಹಕತೆ ಅಸಿಟಿಕ್ ಆಮ್ಲದ ಸುಮಾರು 75 ಪಟ್ಟು. ನಿಮ್ಮ ಪಿಎಚ್ ಲೆಕ್ಕದಲ್ಲಿ ಬಂದದ್ದೂ ಅದೇ 75. ಇಲ್ಲಿ ಬಲ್ಬಿಗಿಂತ ಮಿಲಿಆಮ್ಮೀಟರ್ ಒಳ್ಳೆಯದು, ಎಲ್‌ಇಡಿ ಅಷ್ಟು ಚಿಕ್ಕ ವಿದ್ಯುತ್ತಿಗೂ ಬೆಳಗಿ ವ್ಯತ್ಯಾಸವನ್ನು ಮರೆಮಾಚುತ್ತದೆ. ಕಡ್ಡಿಗಳನ್ನು ಒಂದು ದ್ರಾವಣದಿಂದ ಇನ್ನೊಂದಕ್ಕೆ ಒಯ್ಯುವಾಗ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಲೇಬೇಕು. ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಸೇರಿದರೂ ಅಸಿಟಿಕ್ ಆಮ್ಲದ ಓದು ಕೆಡುತ್ತದೆ. ಇದೇ ಸಲಕರಣೆಯಲ್ಲಿ ಅಸಿಟಿಕ್ ಆಮ್ಲಕ್ಕೆ ಹನಿಹನಿಯಾಗಿ ಅಮೋನಿಯಾ ದ್ರಾವಣ ಸೇರಿಸಿ ನೋಡಿ. ಎರಡೂ ಬಿಡಿಬಿಡಿಯಾಗಿ ಕೆಟ್ಟ ವಾಹಕಗಳು, ಸೇರಿದಾಗ ಮುಳ್ಳು ಸರ್ರನೆ ಏರುತ್ತದೆ, ಏಕೆಂದರೆ ಹುಟ್ಟಿದ ಅಮೋನಿಯಂ ಅಸಿಟೇಟ್ ಪೂರ್ತಿ ಅಯಾನುಗಳಾಗಿರುತ್ತದೆ.

ಉಷ್ಣದ ಪ್ರಯೋಗದ ಬಗ್ಗೆ ಒಂದು ಮಾತು ಸಾಕು. ದುರ್ಬಲ ಆಮ್ಲದ ತಟಸ್ಥೀಕರಣದಲ್ಲಿ ಕಡಿಮೆ ಉಷ್ಣ ಬರುತ್ತದೆ ಎಂದು ಪಾಠಗಳಲ್ಲಿ ಇರುತ್ತದೆ. ಪ್ರಬಲ ಆಮ್ಲಕ್ಕೆ ಮೋಲಿಗೆ ಸುಮಾರು 57 ಕಿಲೋಜೂಲ್, ಅಸಿಟಿಕ್ ಆಮ್ಲಕ್ಕೆ 55ರಿಂದ 56. 1 ಮೋಲಾರ್ ದ್ರಾವಣಗಳನ್ನು 50 ಮಿ.ಲೀ.ಯಂತೆ ಬೆರೆಸಿದರೆ ತಾಪದ ಏರಿಕೆ ಎರಡರಲ್ಲೂ 6.6ರಿಂದ 6.8 ಡಿಗ್ರಿ. ಸಾಮಾನ್ಯ ಥರ್ಮಾಮೀಟರಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಕಾಣಲಿಲ್ಲವೆಂದು ಅಂಕಿ ತಿದ್ದಬೇಡಿ.

ಗುರುತಿಸುವ ಪ್ರಶ್ನೆಗೆ ಬರೋಣ. ಪ್ರಬಲ ಆಮ್ಲಗಳ ಪಟ್ಟಿ ತುಂಬ ಚಿಕ್ಕದು: ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರಯೋಡಿಕ್, ನೈಟ್ರಿಕ್, ಸಲ್ಫ್ಯೂರಿಕ್, ಪರ್‌ಕ್ಲೋರಿಕ್, ಜೊತೆಗೆ ಕ್ಲೋರಿಕ್ ಆಮ್ಲವನ್ನೂ ಸೇರಿಸುವುದುಂಟು. ಪ್ರೌಢಶಾಲೆಯಲ್ಲಿ ಎದುರಾಗುವ ಉಳಿದ ಆಮ್ಲಗಳನ್ನೆಲ್ಲ ದುರ್ಬಲ ಎಂದುಕೊಂಡರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಆದರೆ ಕಾರಣ ಗೊತ್ತಿದ್ದರೆ ಪಟ್ಟಿ ತಾನಾಗಿ ನೆನಪಿರುತ್ತದೆ.

ಸೂತ್ರದಲ್ಲಿ ಎಷ್ಟು ಹೈಡ್ರೋಜನ್ ಇದೆ ಎನ್ನುವುದು ಪ್ರಾಬಲ್ಯದ ಗುರುತಲ್ಲ, ಇದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಫಾಸ್ಫಾರಿಕ್ ಆಮ್ಲದಲ್ಲಿ ಮೂರಿವೆ, ಅದು ದುರ್ಬಲ. ಅಸಿಟಿಕ್ ಆಮ್ಲದಲ್ಲಿ ನಾಲ್ಕಿವೆ, ಅವುಗಳಲ್ಲಿ ಕಾರ್ಬನ್ನಿಗೆ ಅಂಟಿದ ಮೂರು ಕದಲುವುದೇ ಇಲ್ಲ, ಆಕ್ಸಿಜನ್ನಿಗೆ ಅಂಟಿದ ಒಂದು ಮಾತ್ರ ಹೊರಬರುತ್ತದೆ.

ಆಕ್ಸಿಜನ್ ಇರುವ ಆಮ್ಲಗಳಿಗೆ ಒಂದು ಸುಲಭ ಲೆಕ್ಕ ಇದೆ. ಆಕ್ಸಿಜನ್ ಪರಮಾಣುಗಳ ಸಂಖ್ಯೆಯಿಂದ ಹೈಡ್ರೋಜನ್ ಪರಮಾಣುಗಳ ಸಂಖ್ಯೆ ಕಳೆಯಿರಿ. 2 ಅಥವಾ ಹೆಚ್ಚು ಬಂದರೆ ಪ್ರಬಲ, 1 ಅಥವಾ 0 ಬಂದರೆ ದುರ್ಬಲ. ನೈಟ್ರಿಕ್: 3ರಲ್ಲಿ 1 ಕಳೆದರೆ 2, ಪ್ರಬಲ. ಸಲ್ಫ್ಯೂರಿಕ್: 4ರಲ್ಲಿ 2, ಪ್ರಬಲ. ಪರ್‌ಕ್ಲೋರಿಕ್‌ಗೆ 3 ಬರುತ್ತದೆ. ನೈಟ್ರಸ್‌ಗೆ 1, ಸಲ್ಫ್ಯೂರಸ್‌ಗೆ 1, ಫಾಸ್ಫಾರಿಕ್‌ಗೆ 1, ಬೋರಿಕ್‌ಗೆ 0: ಎಲ್ಲ ದುರ್ಬಲ. ಹೈಡ್ರೋಜನ್ ಇಲ್ಲದ ಆಕ್ಸಿಜನ್‌ಗಳು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ, ಹೈಡ್ರೋಜನ್ ಹೋದ ಮೇಲೆ ಉಳಿಯುವ ಋಣ ವಿದ್ಯುದಂಶವನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೊಳ್ಳಲು ಹೆಚ್ಚು ಆಕ್ಸಿಜನ್ ಇದ್ದಷ್ಟೂ ಉಳಿದ ಅಯಾನು ಸ್ಥಿರ, ಆಮ್ಲ ಪ್ರಬಲ. ಈ ಲೆಕ್ಕ ಸಾವಯವ ಆಮ್ಲಗಳಿಗೆ ಅನ್ವಯಿಸುವುದಿಲ್ಲ. ಫಾರ್ಮಿಕ್, ಅಸಿಟಿಕ್, ಸಿಟ್ರಿಕ್, ಲ್ಯಾಕ್ಟಿಕ್, ಎಲ್ಲವನ್ನೂ ದುರ್ಬಲ ಎಂದೇ ಇಟ್ಟುಕೊಳ್ಳಿ. ಎಲೆಕ್ಟ್ರಾನ್ ಎಳೆಯುವ ಪರಮಾಣು ಸೇರಿದಾಗ ಅಲ್ಲಿಯೂ ಪ್ರಾಬಲ್ಯ ಏರುವುದು ನಿಜ. ಅಸಿಟಿಕ್ ಆಮ್ಲದ ಮೀಥೈಲ್ ಗುಂಪಿನಲ್ಲಿ ಒಂದು ಹೈಡ್ರೋಜನ್ ಬದಲು ಕ್ಲೋರಿನ್ ಕೂರಿಸಿದರೆ ಸ್ಥಿರಾಂಕ 1.8 × 10⁻⁵ರಿಂದ 1.4 × 10⁻³ಕ್ಕೆ ಏರುತ್ತದೆ.

ಹ್ಯಾಲೊಜನ್‌ಗಳ ಗುಂಪಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಮಾತ್ರ ದುರ್ಬಲ, ಸ್ಥಿರಾಂಕ ಸುಮಾರು 6.8 × 10⁻⁴. ಫ್ಲೋರಿನ್ ಎಲ್ಲಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಸೆಳೆಯುವುದರಿಂದ ಇದೇ ಅತಿ ಪ್ರಬಲವಾಗಬೇಕು ಎಂದು ವಾದಿಸುವವರಿದ್ದಾರೆ. ಆದರೆ ಹೈಡ್ರೋಜನ್ ಹೊರಬರಬೇಕಾದರೆ ಬಂಧ ಮುರಿಯಬೇಕಲ್ಲ. ಹೈಡ್ರೋಜನ್–ಫ್ಲೋರಿನ್ ಬಂಧ ಮುರಿಯಲು ಮೋಲಿಗೆ ಸುಮಾರು 570 ಕಿಲೋಜೂಲ್ ಬೇಕು. ಕ್ಲೋರಿನ್ ಜೊತೆಗಿನ ಬಂಧಕ್ಕೆ 431, ಬ್ರೋಮಿನ್ ಜೊತೆಗೆ 366, ಅಯೋಡಿನ್ ಜೊತೆಗೆ 299. ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗಿ ಬಂಧ ಸಡಿಲವಾಗುತ್ತದೆ, ಆಮ್ಲ ಪ್ರಬಲವಾಗುತ್ತದೆ.

ದುರ್ಬಲ ಎಂದರೆ ನಿರಪಾಯ ಎಂದು ಯಾರೂ ಭಾವಿಸಬಾರದು ಎನ್ನುವುದಕ್ಕೂ ಇದೇ ಆಮ್ಲ ಸಾಕ್ಷಿ. ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನು ತಿನ್ನುತ್ತದೆ. ಒಡೆಯದ ಅಣುಗಳಿಗೆ ವಿದ್ಯುದಂಶ ಇಲ್ಲದ್ದರಿಂದ ಅವು ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತವೆ, ಒಳಗೆ ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಶಾಲೆಯಲ್ಲಿ ಅದರ ಬಾಟಲಿ ಇರಲೇಬಾರದು. ನೀರಿಲ್ಲದ ಅಸಿಟಿಕ್ ಆಮ್ಲವೂ ಚರ್ಮವನ್ನು ಸುಡುತ್ತದೆ, ಅದರ ಆವಿ ಬೆಂಕಿ ಹಿಡಿಯುತ್ತದೆ. ಸಲ್ಫ್ಯೂರಿಕ್ ಆಮ್ಲವನ್ನು ತೆಳುವಾಗಿಸುವಾಗ ಆಮ್ಲವನ್ನೇ ನೀರಿಗೆ, ಕಲಕುತ್ತಾ, ಸ್ವಲ್ಪಸ್ವಲ್ಪವಾಗಿ ಹಾಕಬೇಕು. ತಿರುವುಮುರುವು ಮಾಡಿದರೆ ಮೇಲೆ ಬಿದ್ದ ನೀರು ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ.

ಲೆಕ್ಕಗಳಲ್ಲಿ ಅಂಕ ಹೋಗುವ ಜಾಗಗಳು ಕೆಲವೇ. ದುರ್ಬಲ ಆಮ್ಲದ ಹೈಡ್ರೋಜನ್ ಅಯಾನು ಸಾರತೆಗೆ ಸ್ಥಿರಾಂಕವನ್ನು ಸಾರತೆಯಿಂದ ಗುಣಿಸಿ ವರ್ಗಮೂಲ ತೆಗೆಯುತ್ತೇವೆ. 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ 1.8 × 10⁻⁶ರ ವರ್ಗಮೂಲ 1.34 × 10⁻³, ಪಿಎಚ್ 2.87. ಬಂದ ಉತ್ತರ ಮೂಲ ಸಾರತೆಯ ಶೇ. 5ಕ್ಕಿಂತ ಕಡಿಮೆ ಇದ್ದರೆ ಈ ಅಡ್ಡದಾರಿ ಸರಿ, ಹೆಚ್ಚಿದ್ದರೆ ವರ್ಗ ಸಮೀಕರಣವನ್ನೇ ಬಿಡಿಸಬೇಕು. 0.001 ಮೋಲಾರ್‌ನಲ್ಲಿ ಅಡ್ಡದಾರಿ 3.87 ಎನ್ನುತ್ತದೆ, ಸರಿಯಾದದ್ದು 3.90.

ಸಲ್ಫ್ಯೂರಿಕ್ ಆಮ್ಲದಲ್ಲಿ ಬೇರೆ ಬಲೆ ಇದೆ. ಅದರ ಮೊದಲ ಹೈಡ್ರೋಜನ್ ಪೂರ್ತಿ ಹೊರಬರುತ್ತದೆ, ಎರಡನೆಯದು ಪೂರ್ತಿ ಬರುವುದಿಲ್ಲ. ಮೊದಲನೆಯದು ಹೋದ ಮೇಲೆ ಉಳಿಯುವ ಬೈಸಲ್ಫೇಟ್ ಅಯಾನು ದುರ್ಬಲ ಆಮ್ಲ, ಸ್ಥಿರಾಂಕ ಸುಮಾರು 0.012. 0.1 ಮೋಲಾರ್ ದ್ರಾವಣದಲ್ಲಿ ಎರಡನೇ ಹಂತದಿಂದ ಸಿಗುವುದು ಸುಮಾರು 0.01 ಮಾತ್ರ, ಒಟ್ಟು 0.11, ಪಿಎಚ್ 0.96. ಸುಮ್ಮನೆ ಎರಡರಿಂದ ಗುಣಿಸಿದವರಿಗೆ 0.70 ಬರುತ್ತದೆ. ಆದರೆ ಟೈಟ್ರೇಶನ್‌ನಲ್ಲಿ ಮಾತ್ರ ಎರಡೂ ಹೈಡ್ರೋಜನ್ ಲೆಕ್ಕಕ್ಕೆ ಬಂದು 25 ಮಿ.ಲೀ.ಗೆ 50 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಬೇಕಾಗುತ್ತದೆ, ನಿಮ್ಮ ಅಸಿಟಿಕ್ ಆಮ್ಲದಲ್ಲಿ ಆದಂತೆಯೇ. ಇನ್ನೊಂದು ಹಳೆಯ ಪ್ರಶ್ನೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? 8 ಎಂದು ಬರೆದರೆ ಆಮ್ಲವನ್ನು ಪ್ರತ್ಯಾಮ್ಲ ಮಾಡಿದಂತೆ. ನೀರಿನದೇ ಅಯಾನುಗಳನ್ನು ಸೇರಿಸಿ ಲೆಕ್ಕ ಹಾಕಿದರೆ 6.98.

ಕೊನೆಯದಾಗಿ, ಚೀಟಿ ಇಲ್ಲದ ಬಾಟಲಿಯಲ್ಲಿರುವ ತೆಳು ಆಮ್ಲ ಪ್ರಬಲವೋ ದುರ್ಬಲವೋ ಎಂದು ತಿಳಿಯುವ ವಿಧಾನ. ಮೊದಲು ಅದರ ಪಿಎಚ್ ಅಳೆದು ಬರೆದಿಡಿ. ಮೀಟರನ್ನು ಪಿಎಚ್ ಮೊದಲೇ ಖಚಿತವಾಗಿ ಗೊತ್ತಿರುವ 4 ಮತ್ತು 7ರ ಬಫರ್‌ಗಳಲ್ಲಿ ಆಗಷ್ಟೇ ಸರಿಹೊಂದಿಸಿರಬೇಕು. ನಂತರ 20 ಮಿ.ಲೀ. ಆಮ್ಲವನ್ನು ಪಿಪೆಟ್‌ನಿಂದ ತೆಗೆದು, ಫಿನಾಲ್ಫ್ತಲೀನಿನ ಎರಡು ಹನಿ ಹಾಕಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಿಂದ ತಿಳಿಗುಲಾಬಿ ಬರುವವರೆಗೆ ಟೈಟ್ರೇಶನ್ ಮಾಡಿ. ಈಗ ಅದೇ ಫ್ಲಾಸ್ಕಿಗೆ ಹೊಸದಾಗಿ ಇನ್ನೊಂದು 20 ಮಿ.ಲೀ. ಆಮ್ಲ ಹಾಕಿ ಕಲಕಿ. ಗುಲಾಬಿ ಹೋಗುತ್ತದೆ, ಫ್ಲಾಸ್ಕಿನಲ್ಲಿ ಅರ್ಧ ಆಮ್ಲ, ಅರ್ಧ ಅದರ ಲವಣ ಇರುತ್ತದೆ. ಇದರ ಪಿಎಚ್ ಅಳೆಯಿರಿ. ದುರ್ಬಲ ಆಮ್ಲವಾಗಿದ್ದರೆ ಈ ಸಂಖ್ಯೆಯೇ ಅದರ ಪಿಕೆಎ (ಆಮ್ಲದ ಸ್ಥಿರಾಂಕದ ಋಣ ಲಾಗರಿದಮ್), ಅಸಿಟಿಕ್ ಆಮ್ಲಕ್ಕೆ ಸುಮಾರು 4.7. ಆಮ್ಲ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಗಿದ್ದರೆ 1.5ರ ಆಸುಪಾಸು ನಿಲ್ಲುತ್ತದೆ. ಖಾತ್ರಿಗಾಗಿ ಆ ಮಿಶ್ರಣದ 10 ಮಿ.ಲೀ.ಯನ್ನು 100 ಮಿ.ಲೀ.ಗೆ ತೆಳುವಾಗಿಸಿ ಮತ್ತೆ ಅಳೆಯಿರಿ. ದುರ್ಬಲ ಆಮ್ಲದಲ್ಲಿ ಪಿಎಚ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಪ್ರಬಲ ಆಮ್ಲದಲ್ಲಿ 1 ಏರುತ್ತದೆ.

ಈ ವಿಧಾನಕ್ಕೆ ಮೋಸ ಮಾಡುವ ಒಂದು ಆಮ್ಲ ಫಾಸ್ಫಾರಿಕ್. ಫಿನಾಲ್ಫ್ತಲೀನ್ ಗುಲಾಬಿಯಾಗುವಷ್ಟರಲ್ಲಿ ಅದರ ಎರಡು ಹೈಡ್ರೋಜನ್ ಹೋಗಿರುತ್ತವೆ. ಅದಕ್ಕೆ ಅಷ್ಟೇ ಹೊಸ ಆಮ್ಲ ಸೇರಿಸಿದಾಗ ಎರಡೂ ಸೇರಿ ನಡುವಿನ ಡೈಹೈಡ್ರೋಜನ್ ಫಾಸ್ಫೇಟ್ ಆಗುತ್ತದೆ. ಅದರ ಪಿಎಚ್ ಕೂಡ 4.7ರ ಹತ್ತಿರ, ಅಸಿಟಿಕ್ ಆಮ್ಲದ ತದ್ರೂಪಿ. ತೆಳುವಾಗಿಸಿ ನೋಡಿದರೂ ಬಯಲಾಗುವುದಿಲ್ಲ. ಇಲ್ಲಿ ಕಾಪಾಡುವುದು ಮೊದಲೇ ಬರೆದಿಟ್ಟ ಪಿಎಚ್. 0.1 ಮೋಲಾರ್ ಫಾಸ್ಫಾರಿಕ್ ಆಮ್ಲ 40 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ಕೇಳಿ 0.2 ಮೋಲಾರ್ ಅಸಿಟಿಕ್ ಆಮ್ಲದಂತೆ ತೋರುತ್ತದೆ. ನಿಜವಾಗಿ ಅಸಿಟಿಕ್ ಆಮ್ಲವೇ ಆಗಿದ್ದರೆ ಆರಂಭದ ಪಿಎಚ್ 2.7 ಇರಬೇಕಿತ್ತು, ಫಾಸ್ಫಾರಿಕ್ ಆದರೆ ಅದು 1.6.